ಗರಾಜಿನಲ್ಲೊಂದು ಕುಲುಮೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಗೆಳೆಯರು ಕೇಳಿದಾಗ ನಮಗೆ ತಟ್ಟನೆ ಹೊಳೆದದ್ದು ನಮ್ಮ ಗರಾಜು. ನಮ್ಮೂರು ಪ್ಲೆಸೆಂಟನ್ನಿನ ಗರಾಜುಗಳಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇರುತ್ತದೆ ಎನ್ನುವುದು ಹಳೆಯ ಜೋಕು. ನಮ್ಮದೂ ಅದಕ್ಕೆ ಹೊರತಲ್ಲ. ದಸರಾ ಗೊಂಬೆಗಳ ಡಬ್ಬಗಳು, ಅಕ್ಕಿ ಮೂಟೆ, ಮಗಳಿಗೆ ಚಿಕ್ಕದಾದ ಸೈಕಲ್ಲು, ಊರಿಂದ ಬರುವಾಗ ಹಿಡಿ ಮುರಿದ ಸೂಟ್‌ಕೇಸು. ಇವುಗಳ ನಡುವೆ ಎಂಟಡಿ ಉದ್ದದ ಒಂದು ಬೆಂಚು, ಅದರ ಮೂಲೆಯಲ್ಲೊಂದು ವೈಸ್, ಪಕ್ಕದಲ್ಲಿ ಒಂದು ಪುಟ್ಟ ವೆಲ್ಡಿಂಗ್ ಯಂತ್ರ. ನಾವೆಂದರೆ ಗಂಡ ಹೆಂಡತಿ ಇಬ್ಬರು, ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂರುವವರು. ಶನಿವಾರ ಬಂತೆಂದರೆ ಇಬ್ಬರೂ ಕಮ್ಮಾರರು.

"ಗ್ರೈಂಡರ್ ತಂದಿದ್ದೀವಿ" ಎಂದು ಒಮ್ಮೆ ಫೋನಿನಲ್ಲಿ ಹೇಳಿದ್ದಕ್ಕೆ ಗೆಳತಿಯೊಬ್ಬರು "ಹಾಗಾದರೆ ಭಾನುವಾರ ದೋಸೆಗೆ ಬರ್ತೀವಿ" ಅಂದರು! ನಾವು ತಂದಿದ್ದು ಕಬ್ಬಿಣ ಉಜ್ಜುವ ಗ್ರೈಂಡರು. ಬಂದವರಿಗೆ ಹೇಗೋ ಮಿಕ್ಸಿಯಲ್ಲೇ ರುಬ್ಬಿ ದೋಸೆ ಹಾಕಿಕೊಟ್ಟೆವೆನ್ನಿ.

ಇಷ್ಟು ತಮಾಷೆಯಾಗಿ ಶುರುವಾದ ಹವ್ಯಾಸ ಒಂದು ದಿನ ನಮ್ಮನ್ನು ಚೆನ್ನಾಗಿ ಹೆದರಿಸಿತು. ಅದನ್ನು ಹೇಳದೆ ಇದ್ದರೆ ಈ ಲೇಖನ ಬರೆದೂ ಪ್ರಯೋಜನವಿಲ್ಲ.

ಉಯ್ಯಾಲೆಯ ಕಥೆ

ನಮ್ಮ ಮೊದಲ ದೊಡ್ಡ ಸಾಹಸ ಹಿತ್ತಿಲಿನ ಉಯ್ಯಾಲೆ. ಊರ ಮನೆಯ ತೂಗುಮಣೆಯ ನೆನಪು ನಮ್ಮಿಬ್ಬರಿಗೂ ಇತ್ತು. ಚೌಕ ಕೊಳವೆಗಳಿಂದ ಚೌಕಟ್ಟು ಕಟ್ಟಿದೆವು. ಮೇಲಿನ ಅಡ್ಡ ತೊಲೆಗೆ ಕಾಲು ಇಂಚು ದಪ್ಪದ ಉಕ್ಕಿನ ಪಟ್ಟಿಗಳನ್ನು ವೆಲ್ಡ್ ಮಾಡಿ, ಅವುಗಳ ತೂತಿಗೆ ಸರಪಳಿ ಸಿಕ್ಕಿಸಿದೆವು. ಬಣ್ಣ ಬಳಿದು ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದೂ ಆಯಿತು. ಆ ಬೇಸಿಗೆಯೆಲ್ಲ ಮಗಳು ಮತ್ತು ಅವಳ ಸ್ನೇಹಿತರು ಮನಸಾರೆ ಜೀಕಿದರು.

ಸೆಪ್ಟೆಂಬರಿನಲ್ಲಿ ಚನ್ನರಾಯಪಟ್ಟಣದ ಕಡೆಯ ನಮ್ಮ ಹಳ್ಳಿಯಿಂದ ಮಗಳ ತಾತ ಬಂದರು. ದಿನವೂ ಸಂಜೆ ಕಾಫಿ ಲೋಟ ಹಿಡಿದು ಹಿತ್ತಿಲಲ್ಲಿ ಕೂರುತ್ತಿದ್ದರು. ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಎದ್ದು ಬಂದು ಸರಪಳಿ ಹಿಡಿದು ನಿಲ್ಲಿಸಿದರು. "ಮೊನ್ನೆ ಕಿರ್ ಅಂತಿತ್ತು, ಇವತ್ತು ಟಕ್ ಅಂತಿದೆ. ಇಳಿ ಮಗು."

ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡೇ ನಾವು ಏಣಿ ಹತ್ತಿದ್ದು. ಎಡಗಡೆಯ ಪಟ್ಟಿಯ ಮೂಲೆಯಲ್ಲಿ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಕಂಡಿತು. ಸುತ್ತಿಗೆಯಿಂದ ಒಂದೇ ಏಟು ಕೊಟ್ಟೆವು. ಪಟ್ಟಿ ಕಳಚಿ ಕೈಗೆ ಬಂತು! ಐದು ನಿಮಿಷದ ಹಿಂದೆ ಆ ಪಟ್ಟಿಗೇ ನಮ್ಮ ಮಗು ಜೋತಾಡುತ್ತಿತ್ತು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಬೆಸುಗೆ ಎಂದರೇನು?

ಕಳಚಿ ಬಂದ ಪಟ್ಟಿಯ ಹಿಂಭಾಗ ನುಣ್ಣಗಿತ್ತು. ಅಲ್ಲೇ ಇತ್ತು ತಪ್ಪು. ಅದು ಅರ್ಥವಾಗಬೇಕಾದರೆ ಬೆಸುಗೆಯ ಬಗ್ಗೆ ನಾಲ್ಕು ಮಾತು ಬೇಕು.

ನಮ್ಮಲ್ಲಿ ಹಿರಿಯರಿಗೆ ಬೀದಿಯಲ್ಲಿ "ಕಲಾಯೀ..." ಎಂದು ಕೂಗುತ್ತ ಬರುತ್ತಿದ್ದವರ ನೆನಪಿದ್ದೀತು. ಹಿತ್ತಾಳೆ ಪಾತ್ರೆಯನ್ನು ತಿದಿಯ ಬೆಂಕಿಗೆ ಹಿಡಿದು, ನವಸಾಗರದ ಪುಡಿ ಹಾಕಿ ಬಟ್ಟೆಯಿಂದ ಉಜ್ಜಿದರೆ ಬೆಳ್ಳನೆಯ ಹೊಗೆ ಏಳುತ್ತಿತ್ತು. ಆಮೇಲೆ ತವರ ತಾಗಿಸಿದರೆ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಹಿತ್ತಾಳೆ ಕರಗುವುದಿಲ್ಲ, ತವರ ಮಾತ್ರ ಕರಗಿ ಅದಕ್ಕೆ ಹತ್ತಿಕೊಳ್ಳುತ್ತದೆ. ರೇಡಿಯೋ ರಿಪೇರಿಯವರು ಸೀಸದ ಬೆಸುಗೆ ಹಾಕುತ್ತಿದ್ದುದೂ ಇದೇ ರೀತಿ.

ವೆಲ್ಡಿಂಗ್ ಹಾಗಲ್ಲ. ಇಲ್ಲಿ ಎರಡೂ ತುಂಡುಗಳ ಅಂಚು ತಾವೇ ಕರಗಬೇಕು. ಉಕ್ಕು ಕರಗಲು ಹೆಚ್ಚುಕಡಿಮೆ 1,500 ಡಿಗ್ರಿ ಬೇಕು. ವಿದ್ಯುತ್ ಕಿಡಿ ಅದಕ್ಕಿಂತ ಎಷ್ಟೋ ಪಾಲು ಬಿಸಿ. ಎರಡು ಅಂಚೂ ಕರಗಿ ನಡುವೆ ಒಂದು ಪುಟ್ಟ ಕೆರೆಯಾಗಿ, ತಂತಿಯಿಂದ ಬಂದ ಲೋಹವೂ ಅದಕ್ಕೆ ಸೇರಿ, ಮೂರೂ ಒಂದಾಗಿ ಗಟ್ಟಿಯಾದರೆ ಅದು ಬೆಸುಗೆ. ಅಂಟಿಸಿದ್ದಲ್ಲ, ಒಂದಾದದ್ದು.

ನಮ್ಮ ಯಂತ್ರ ಮನೆಯ ಸಾಮಾನ್ಯ 120 ವೋಲ್ಟಿನ ಪ್ಲಗ್ಗಿಗೆ ಹಾಕುವಂಥದ್ದು. ಸುಮಾರು ಮೂರು ಮಿಲಿಮೀಟರ್ ದಪ್ಪದ ಉಕ್ಕಿಗೆ ಅದು ಸಾಕು. ನಾವು ಹಾಕಿದ ಪಟ್ಟಿ ಆರು ಮಿಲಿಮೀಟರಿನದು. ತಂತಿ ಕರಗಿತು, ಪಟ್ಟಿ ಕರಗಲಿಲ್ಲ. ಗೋಡೆಗೆ ತಟ್ಟಿದ ಬೆರಣಿ ಒಣಗಿದ ಮೇಲೆ ಹೇಗೆ ಎದ್ದು ಬರುತ್ತದೆಯೋ ಹಾಗೆ ಬಂದಿತ್ತು ನಮ್ಮ ಬೆಸುಗೆ. ಮೇಲಿನಿಂದ ನೋಡಿದರೆ ಮಾತ್ರ ಜಡೆ ಹೆಣೆದ ಹಾಗೆ ಬಲು ಚೆಂದ. ಸಾಲದ್ದಕ್ಕೆ, ಕಾರ್ಖಾನೆಯಿಂದ ಬಂದ ಉಕ್ಕಿನ ಮೇಲಿರುವ ಕಪ್ಪು ಪೊರೆಯನ್ನು ನಾವು ಉಜ್ಜಿ ತೆಗೆದಿರಲೂ ಇಲ್ಲ. ಕಲಾಯಿಯವರು ನವಸಾಗರ ಹಾಕಿ ಉಜ್ಜುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಕೊಳೆಯ ಮೇಲೆ ಯಾವ ಲೋಹವೂ ಕೂಡುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ನಾವು ಮರೆತಿದ್ದೆವು. ಉಯ್ಯಾಲೆ ಸುಮ್ಮನೆ ನಿಂತಾಗ ಸರಪಳಿಯ ಮೇಲಿರುವುದು ಕೂತವರ ತೂಕ ಮಾತ್ರ. ಜೀಕು ಅರವತ್ತು ಡಿಗ್ರಿಯವರೆಗೆ ಏರಿದರೆ, ಕೆಳಗೆ ಬರುವಾಗ ಎಳೆತ ಅದರ ಎರಡರಷ್ಟಾಗುತ್ತದೆ. ಅದೂ ಒಂದು ಸಲವಲ್ಲ, ಒಂದು ಬೇಸಿಗೆಯಲ್ಲಿ ಸಾವಿರಾರು ಸಲ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಒಮ್ಮೆ ತುಂಡಾಗುತ್ತದಲ್ಲ, ಹಾಗೆಯೇ ಇದೂ.

ರಿಚ್ಮಂಡಿನ ಹಡಗುಗಳು

ಇಂಥ ತಪ್ಪು ಮಾಡಿದವರು ನಾವೇ ಮೊದಲಿಗರೇನಲ್ಲ. ನಮ್ಮ ಬೇ ಏರಿಯಾದ ಇತಿಹಾಸವೇ ಇದಕ್ಕೆ ಸಾಕ್ಷಿ.

ಇಲ್ಲಿಂದ ಒಂದು ಗಂಟೆ ಕಾರಿನಲ್ಲಿ ಹೋದರೆ ರಿಚ್ಮಂಡ್ ಸಿಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಕೈಸರ್ ಹಡಗುಕಟ್ಟೆಗಳಲ್ಲಿ 747 ಹಡಗುಗಳು ತಯಾರಾದವು. ಅದುವರೆಗೆ ಹಡಗಿನ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸುತ್ತಿದ್ದರು. ಕೆಲಸ ಬೇಗ ಮುಗಿಯಲೆಂದು ಕೈಸರ್ ಕಂಪನಿ ವೆಲ್ಡಿಂಗನ್ನು ನೆಚ್ಚಿಕೊಂಡಿತು. ಅದುವರೆಗೆ ಯಂತ್ರ ಮುಟ್ಟಿರದ ಸಾವಿರಾರು ಹೆಂಗಸರು ವೆಲ್ಡಿಂಗ್ ಕಲಿತು ಅಲ್ಲಿ ದುಡಿದರು. 1942ರ ನವೆಂಬರಿನಲ್ಲಿ ರಾಬರ್ಟ್ ಪಿಯರಿ ಎಂಬ ಲಿಬರ್ಟಿ ಹಡಗನ್ನು ಐದು ದಿನವೂ ತುಂಬುವ ಮೊದಲೇ ಕಟ್ಟಿ ನೀರಿಗಿಳಿಸಿದರು. ಆ ಜಾಗದಲ್ಲಿ ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಿದೆ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ.

ಆದರೆ ಯುದ್ಧಕಾಲದ ಇಂಥ ಕೆಲವು ಹಡಗುಗಳಲ್ಲಿ ಭಾರಿ ಬಿರುಕು ಕಾಣಿಸಿತು. 1943ರ ಜನವರಿಯಲ್ಲಿ ಒರೆಗಾನಿನ ಪೋರ್ಟ್‌ಲೆಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚಹೊಸ ತೈಲದ ಹಡಗು ಕಟ್ಟೆಯಲ್ಲಿ ನಿಂತಿದ್ದ ಹಾಗೇ ಹೆಚ್ಚುಕಡಿಮೆ ಎರಡು ಹೋಳಾಯಿತು. ಆ ಉಕ್ಕು ಚಳಿಗೆ ಗಾಜಿನಂತೆ ಪೆಡಸಾಗುತ್ತಿತ್ತು ಎಂಬುದನ್ನು ಕೇಂಬ್ರಿಜ್ಜಿನ ಕಾನ್ಸ್ಟನ್ಸ್ ಟಿಪ್ಪರ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಲಿಬರ್ಟಿ ಹಡಗುಗಳಲ್ಲಿ ಡೆಕ್ಕಿನ ಚೌಕ ಬಾಗಿಲುಗಳ ಚೂಪು ಮೂಲೆಗಳಲ್ಲಿ ಬಿರುಕು ಹುಟ್ಟುತ್ತಿದ್ದುದೂ ಕಂಡುಬಂತು. ರಿವೆಟ್ ಹಾಕಿದ ಹಡಗಿನಲ್ಲಾದರೆ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುವ ಸಂಭವ ಹೆಚ್ಚು. ಬೆಸೆದ ಹಡಗು ಇಡಿಯಾಗಿ ಒಂದೇ ತುಂಡು. ಬಿರುಕು ಓಡಲು ಅಡ್ಡಿಯೇ ಇಲ್ಲ.

ನಮ್ಮ ಉಯ್ಯಾಲೆಯ ಪಟ್ಟಿಯಲ್ಲೂ ಬಿರುಕು ಹುಟ್ಟಿದ್ದು ಚೂಪು ಮೂಲೆಯಲ್ಲೇ! ಆದ್ದರಿಂದ ಮನೆಯಲ್ಲಿ ಮಾಡುವವರಿಗೂ ಎರಡು ಪಾಠ. ಭಾರ ಹೊರುವ ಕಡೆ ಮೂಲೆಗಳನ್ನು ದುಂಡಾಗಿಸಿ. ಗೇಟಿನ ಪಟ್ಟಿಯಲ್ಲೋ ಕುರ್ಚಿಯ ಕಾಲಿನಲ್ಲೋ ಬಿರುಕು ಕಂಡರೆ, ಅದರ ತುದಿ ಎಲ್ಲಿದೆಯೆಂದು ಹುಡುಕಿ ಅಲ್ಲೊಂದು ಸಣ್ಣ ತೂತು ಕೊರೆದ ಮೇಲೆಯೇ ಬೆಸೆಯಿರಿ. ಚೂಪಾದ ತುದಿ ದುಂಡಗಾದರೆ ಬಿರುಕು ಅಷ್ಟು ಸುಲಭವಾಗಿ ಮುಂದಕ್ಕೆ ಓಡುವುದಿಲ್ಲ.

ಎಲ್ಲಿ ಕಲಿಯುವುದು?

ಆ ಘಟನೆಯ ಮೇಲೆ ನಾವು ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟು ಮೊದಲು ತರಗತಿಗೆ ಸೇರಿದೆವು. ಈ ಕೆಲಸ ಪುಸ್ತಕ ಓದಿಯೋ ವಿಡಿಯೋ ನೋಡಿಯೋ ಬರುವಂಥದ್ದಲ್ಲ. ಬೆಸುಗೆಯ ಸದ್ದು ಹೇಗಿರಬೇಕೆಂದು ಪಕ್ಕದಲ್ಲಿ ನಿಂತವರು ಹೇಳಿಕೊಡಬೇಕು. ಸರಿಯಾಗಿ ಹತ್ತುತ್ತಿದ್ದರೆ ಅದು ಬಾಣಲೆಯಲ್ಲಿ ಹಪ್ಪಳ ಕರಿದಂಥ ಒಂದೇ ಸಮನೆ ಚರಚರ ಸದ್ದು.

ನಮ್ಮ ಅದೃಷ್ಟಕ್ಕೆ ಪಕ್ಕದ ಲಿವರ್‌ಮೋರಿನ ಲಾಸ್ ಪೊಸಿಟಾಸ್ ಕಾಲೇಜಿನಲ್ಲಿ ವೆಲ್ಡಿಂಗ್ ಪಾಠವಿದೆ. 1999ರಲ್ಲಿ ಆರಂಭವಾಗಿ ಈಗ ಓಕ್ಲೆಂಡಿನಲ್ಲಿರುವ 'ದಿ ಕ್ರೂಸಿಬಲ್' ಎಂಬ ಸೇವಾಸಂಸ್ಥೆ ವೆಲ್ಡಿಂಗ್, ಕಮ್ಮಾರಿಕೆ, ಎರಕ, ಗಾಜಿನ ಕೆಲಸಗಳನ್ನು ಹೇಳಿಕೊಡುತ್ತದೆ. ಮಕ್ಕಳಿಗೂ ತರಗತಿಗಳುಂಟು. ಬರ್ಕ್ಲಿಯ ಸಾರ್ವಜನಿಕ ಗ್ರಂಥಾಲಯ 1979ರಿಂದಲೂ ಪುಸ್ತಕದ ಹಾಗೆಯೇ ಸುತ್ತಿಗೆ, ಗರಗಸ, ಡ್ರಿಲ್ಲುಗಳನ್ನು ಆ ಊರಿನವರಿಗೆ ಎರವಲು ಕೊಡುತ್ತಿದೆ. ಸರಸ್ವತಿಯ ಮನೆಯಲ್ಲೇ ಆಯುಧಪೂಜೆ!

ಯಂತ್ರ ಕೊಳ್ಳುವವರಿಗೆ ಒಂದು ಮಾತು. ಗ್ಯಾಸ್ ಸಿಲಿಂಡರ್ ಬಳಸುವ ಯಂತ್ರದ ಬೆಸುಗೆ ಚೊಕ್ಕಟ. ಆದರೆ ಮಧ್ಯಾಹ್ನವಾದರೆ ನಮ್ಮ ಕಣಿವೆಯಲ್ಲಿ ಗಾಳಿ ಏಳುತ್ತದೆ. 580ರಲ್ಲಿ ಹೋಗುವಾಗ ಆಲ್ಟಮಾಂಟ್ ಗುಡ್ಡದ ಗಾಳಿಯಂತ್ರಗಳನ್ನು ನೀವೂ ನೋಡಿದ್ದೀರಿ. ಆ ಗಾಳಿ ಕಾಪಾಡುವ ಗ್ಯಾಸನ್ನು ಹಾರಿಸಿಬಿಟ್ಟರೆ ಬೆಸುಗೆ ಹೋಳಿಗೆಯ ಬದಲು ರವೆ ಇಡ್ಲಿಯಾಗುತ್ತದೆ, ಬರೀ ತೂತು. ಬಾಗಿಲು ತೆರೆದಿಟ್ಟು ಕೆಲಸ ಮಾಡುವವರಿಗೆ ಫ್ಲಕ್ಸ್ ತುಂಬಿದ ತಂತಿಯ ಯಂತ್ರವೇ ವಾಸಿ. ತಂತಿಯೊಳಗಿನ ಫ್ಲಕ್ಸ್ ಎಂದರೆ ಕಲಾಯಿಯವರ ನವಸಾಗರದ ಮೊಮ್ಮಗ ಎಂದಿಟ್ಟುಕೊಳ್ಳಿ.

ಜೋಕೆ!

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ.

ಕಣ್ಣು: ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ಆಗ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ಬಿದ್ದಂತೆ ಉರಿ ಶುರುವಾಗುತ್ತದೆ. ಹೆಲ್ಮೆಟ್ ಕೆಲಸ ಮಾಡುವವರಿಗೆ ಮಾತ್ರವಲ್ಲ, ನೋಡಲು ನಿಂತ ಮಕ್ಕಳಿಗೂ ಬೇಕು.

ಹೊಗೆ: ಸತುವಿನ ಲೇಪವಿರುವ ಬಿಳಿ ಕೊಳವೆಗಳನ್ನು ವೆಲ್ಡ್ ಮಾಡಬೇಡಿ. ಸತುವು 907 ಡಿಗ್ರಿಗೇ ಕುದಿದು, ಉಕ್ಕು ಕರಗುವ ಮೊದಲೇ ಹೊಗೆಯಾಗುತ್ತದೆ. ಅದನ್ನು ಕುಡಿದವರಿಗೆ ಆ ರಾತ್ರಿ ಚಳಿಜ್ವರ. ಇನ್ನೂ ದೊಡ್ಡ ಅಪಾಯ ಬ್ರೇಕ್ ತೊಳೆಯುವ ಕೆಲವು ಸ್ಪ್ರೇಗಳಲ್ಲಿದೆ. ಕ್ಲೋರಿನ್ ಇರುವ ದ್ರಾವಣದಿಂದ ಉಕ್ಕನ್ನು ತೊಳೆದು ಬೆಸೆಯಲು ಹೋದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದೇ ಅನಿಲ.

ಬೆಂಕಿ: ಕಿಡಿಗಳು ಮೂವತ್ತು ಅಡಿ ಆಚೆಗೂ ಉರುಳಿಕೊಂಡು ಹೋಗಬಲ್ಲವು. ಬೇಸಿಗೆಯಲ್ಲಿ ನಮ್ಮ ಗುಡ್ಡಗಳ ಹುಲ್ಲು ಹೇಗೆ ಒಣಗಿ ನಿಂತಿರುತ್ತದೆಂದು ಎಲ್ಲರೂ ಬಲ್ಲರು. ಗಾಳಿ ಬೀಸುವ ದಿನ ಈ ಕೆಲಸವೇ ಬೇಡ. ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಇದ್ದು ನೋಡಿಕೊಳ್ಳಿ. ನಾವು ಆ ಹೊತ್ತಿನಲ್ಲಿ ಗರಾಜು ಗುಡಿಸುತ್ತೇವೆ. ಪೆಟ್ರೋಲ್ ತುಂಬಿದ್ದ ಡಬ್ಬಿ, ಟ್ಯಾಂಕುಗಳು ಖಾಲಿಯಾಗಿದ್ದರೂ ಅವುಗಳ ತಂಟೆಗೆ ಹೋಗಲೇಬೇಡಿ.

ಕೊನೆಯದಾಗಿ ನಮ್ಮ ಮನೆಯ ಕಾನೂನು. ಹೂಕುಂಡದ ಸ್ಟ್ಯಾಂಡು, ಗೇಟಿನ ಚಿಲಕ, ಪುಸ್ತಕದ ಕಪಾಟು ನಮ್ಮ ಕೆಲಸ. ಕಾರಿನ ಚೌಕಟ್ಟು, ಟ್ರೇಲರ್, ಏಣಿ, ಉಯ್ಯಾಲೆ, ಅಂದರೆ ಮುರಿದರೆ ಮನುಷ್ಯರಿಗೆ ಏಟಾಗುವಂಥದ್ದು, ಪರವಾನಗಿ ಪಡೆದ ವೆಲ್ಡರ್ ಕೆಲಸ.

ಕಿಡಿಯಿಲ್ಲದ ರಿಪೇರಿ

ರಿಪೇರಿ ಎಂದರೆ ಬೆಂಕಿಯೇ ಬೇಕೆಂದಿಲ್ಲ. ಲಿವರ್‌ಮೋರಿನ ಆರನೇ ನಂಬರಿನ ಅಗ್ನಿಶಾಮಕ ಠಾಣೆಯಲ್ಲಿ ಒಂದು ಬಲ್ಬು ಇದೆ, 1901ರಿಂದ ಉರಿಯುತ್ತಿದೆ. 2013ರ ಮೇ ತಿಂಗಳಿನಲ್ಲಿ ಅದು ಒಂದು ರಾತ್ರಿ ಆರಿಹೋಯಿತು. ಶತಾಯುಷಿ ಬಲ್ಬು ಕೊನೆಗೂ ಹೋಯಿತೆಂದೇ ಎಲ್ಲರೂ ಅಂದುಕೊಂಡರು. ನೋಡಿದರೆ ಕೆಟ್ಟದ್ದು ಅದಕ್ಕೆ ಕರೆಂಟು ಕೊಡುತ್ತಿದ್ದ ಯುಪಿಎಸ್! ಬೇರೆ ತಂತಿಯಿಂದ ಕರೆಂಟು ಕೊಟ್ಟೊಡನೆ ಬಲ್ಬು ಮತ್ತೆ ಹೊತ್ತಿಕೊಂಡಿತು. ರಿಪೇರಿಯ ಮೊದಲ ಪಾಠವೇ ಇದು. ಸಾಮಾನನ್ನು ಬೈಯುವ ಮೊದಲು ಅದಕ್ಕೆ ಕರೆಂಟು ಬರುತ್ತಿದೆಯೇ ನೋಡಿ.

ನಮ್ಮವರ ಮನೆಗಳಲ್ಲಿ ಕಸಕ್ಕೆ ಹೋಗುವ ಎಷ್ಟೋ ಮಿಕ್ಸಿಗಳು ಸತ್ತಿರುವುದೇ ಇಲ್ಲ. ಅನೇಕ ಮಿಕ್ಸಿಗಳ ಅಡಿಯಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ. ಭಾರ ಹೆಚ್ಚಾದಾಗ ಅದು ಹೊರಗೆ ಜಿಗಿದು ಮೋಟರನ್ನು ಕಾಪಾಡುತ್ತದೆ. ತಣ್ಣಗಾದ ಮೇಲೆ ಒತ್ತಿದರಾಯಿತು. ಅದಾಗದಿದ್ದರೆ ಸವೆದ ಕಾರ್ಬನ್ ಬ್ರಷ್ ಇದ್ದೀತು, ಜಾರಿನ ಕೆಳಗಿನ ಕಪ್ಲರ್ ಹರಿದಿದ್ದೀತು. ಪ್ಲಗ್ ತೆಗೆದು ನೋಡಿ. ಊರಿಂದ ತಂದ 230 ವೋಲ್ಟಿನ ಸಾಮಾನಿಗೆ ಟ್ರಾನ್ಸ್‌ಫಾರ್ಮರ್ ಹಾಕುವವರು ಇನ್ನೊಂದು ವಿಷಯ ನೆನಪಿಡಿ. ಅದು ವೋಲ್ಟನ್ನು ಬದಲಿಸುತ್ತದೆಯೇ ಹೊರತು ಸೆಕೆಂಡಿಗೆ 60 ಸಲದ ಇಲ್ಲಿನ ಆವರ್ತವನ್ನು ಊರಿನ 50ಕ್ಕೆ ಇಳಿಸುವುದಿಲ್ಲ. ಬ್ರಷ್ ಇರುವ ಮಿಕ್ಸಿಗೆ ಅದರಿಂದ ತೊಂದರೆಯಿಲ್ಲ. ಒದ್ದೆ ಗ್ರೈಂಡರಿನ ಇಂಡಕ್ಷನ್ ಮೋಟರು ಮಾತ್ರ ಸುಮಾರು ಐದನೇ ಒಂದು ಪಾಲು ಹೆಚ್ಚು ವೇಗವಾಗಿ ತಿರುಗುತ್ತದೆ, ಹಿಟ್ಟು ಬಿಸಿಯಾಗುತ್ತದೆ. ಮೈಕ್ರೋವೇವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಕ್ಯಾಲಿಫೋರ್ನಿಯಾದ ಕಾನೂನು ಕೂಡ ಈಗ ನಮ್ಮ ಕಡೆಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ರಿಪೇರಿ ಹಕ್ಕಿನ ಕಾಯಿದೆಯ ಪ್ರಕಾರ, 2021ರ ಜುಲೈ 1ರ ನಂತರ ತಯಾರಾಗಿ ಮಾರಾಟವಾದ ಎಲೆಕ್ಟ್ರಾನಿಕ್ ಮತ್ತು ಗೃಹೋಪಯೋಗಿ ಸಾಮಾನುಗಳಿಗೆ ತಯಾರಕರು ಬಿಡಿಭಾಗ, ಉಪಕರಣ, ಕೈಪಿಡಿಗಳನ್ನು ಒದಗಿಸಬೇಕು. ನೂರು ಡಾಲರಿಗಿಂತ ಹೆಚ್ಚಿನ ಬೆಲೆಯ ಮಾದರಿಗಳಿಗೆ, ಅದರ ತಯಾರಿಕೆ ನಿಂತ ಮೇಲೂ ಏಳು ವರ್ಷ. "ಹೊಸದನ್ನೇ ಕೊಳ್ಳಿ" ಎಂದು ಯಾರಾದರೂ ಅಂದರೆ ಈ ಕಾಯಿದೆಯನ್ನು ನೆನಪಿಸಿ.

ಮಕ್ಕಳಿಗೆ ಏನು ಸಿಗುತ್ತದೆ?

ಈಚಿನ ಎರಡು ವರ್ಷಗಳಲ್ಲಿ ನಾವು ಮೂವರೂ ಸೇರಿ ಮಾಡಿದ್ದು: ತುಳಸಿ ಕುಂಡಕ್ಕೊಂದು ಸ್ಟ್ಯಾಂಡು, ಬಿಚ್ಚಿ ಮಡಚಿಡಬಹುದಾದ ಗೊಂಬೆ ಹಬ್ಬದ ಮೆಟ್ಟಿಲುಗಳು, ಹಳೆಯ ಸೈಕಲ್ ಚೈನಿನಿಂದ ಒಂದು ನವಿಲು. ನವಿಲಿನ ಕತ್ತು ಸ್ವಲ್ಪ ಕೋಳಿಯ ಹಾಗಿದೆ. ಪರವಾಗಿಲ್ಲ. ಮೆಟ್ಟಿಲಿನ ಅಳತೆಗೆ ಮಗಳು ತಾನೇ ಭಿನ್ನರಾಶಿ ಲೆಕ್ಕ ಹಾಕಿದಳು. ಹದಿನಾರನೇ ಒಂದು ಇಂಚು ತಪ್ಪಿದರೆ ಹಲಗೆ ಕೂರುವುದಿಲ್ಲವೆಂದು ಅವಳಿಗೆ ಯಾವ ಟ್ಯೂಷನ್ನೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಕಿಡಿಯ ಕೆಲಸ ನಮ್ಮದು. ಅಳೆಯುವುದು, ಉಜ್ಜುವುದು, ಬಣ್ಣ ಬಳಿಯುವುದು ಅವಳದು.

ತಾತನ ಹತ್ತಿರ ಅವಳು ಅದಕ್ಕಿಂತ ದೊಡ್ಡದನ್ನು ಕಲಿತಳು. ಅವರು ಎಂಜಿನಿಯರ್ ಅಲ್ಲ. ಚಿಕ್ಕಂದಿನಲ್ಲಿ ಕುಲುಮೆಯ ಮುಂದೆ ಕೂತು, ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನೋಡಿದವರು. ಪಟ್ಟಿಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ಕೂರಿಸಿ ನೀರು ಹೊಯ್ದರೆ, ಅದು ಕುಗ್ಗಿ ಮರವನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತಿತ್ತಂತೆ. ಪಟ್ಟಿ ಬಿಗಿಯಾಗಿದೆಯೋ ಇಲ್ಲವೋ ಎಂದು ಕಮ್ಮಾರ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿಯೇ ಹೇಳುತ್ತಿದ್ದನಂತೆ. ಎಪ್ಪತ್ತು ವರ್ಷದ ಹಿಂದೆ ಹಳ್ಳಿಯಲ್ಲಿ ಕಲಿತ ಆ ಕಿವಿ ಪ್ಲೆಸೆಂಟನ್ನಿನಲ್ಲಿ ನಮ್ಮ ಮಗುವನ್ನು ಉಳಿಸಿತು.

ಉಯ್ಯಾಲೆ ಈಗಲೂ ಇದೆ. ಹಳೆಯ ಪಟ್ಟಿಗಳನ್ನು ಕತ್ತರಿಸಿ ಹಾಕಿ, ಮೂಲೆ ದುಂಡಾಗಿರುವ ಹೊಸ ಪಟ್ಟಿಗಳನ್ನು ಪರಿಣತರಿಂದಲೇ ಬೆಸೆಸಿ, ಮೇಲೆ ತೊಲೆಯನ್ನು ತೂರಿ ಹೋಗುವ ಬೋಲ್ಟುಗಳನ್ನೂ ಹಾಕಿಸಿದೆವು. ಐವತ್ತು ಪೌಂಡಿನ ಹನ್ನೆರಡು ಮರಳು ಚೀಲಗಳನ್ನು ಹೇರಿ ಒಂದು ರಾತ್ರಿ ಬಿಟ್ಟೆವು. ಬೆಳಗ್ಗೆ ಮೊದಲು ಕೂತವರು ತಾತ.

ಪ್ರತಿ ಆಯುಧಪೂಜೆಗೆ ಬೆಂಚಿನ ಮೇಲಿನ ಸಾಮಾನೆಲ್ಲ ಒರೆಸಿ, ವೈಸ್‌ಗೂ ಯಂತ್ರಕ್ಕೂ ಕುಂಕುಮ ಹೂವು ಇಡುತ್ತೇವೆ. ಆ ಮುರಿದ ಪಟ್ಟಿಯನ್ನು ನಾವು ಎಸೆದಿಲ್ಲ. ಬೆಂಚಿನ ಮೇಲಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇವೆ. ಅದಕ್ಕೂ ಒಂದು ಹೂವು. ಮಗಳು ಈಗ ಉಯ್ಯಾಲೆಯಲ್ಲಿ ಕೂರುವ ಮೊದಲು ಒಂದು ಸಲ ಖಾಲಿ ತೂಗಿ, ಕಿವಿಗೊಟ್ಟು ಕೇಳುತ್ತಾಳೆ.

ನಿಮ್ಮ ಗರಾಜಿನಲ್ಲೂ ಮುರಿದ ಕುರ್ಚಿಯೋ ನಿಂತ ಮಿಕ್ಸಿಯೋ ಇದ್ದರೆ, ಈ ವಾರ ಕಸಕ್ಕೆ ಹಾಕಬೇಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಬಿಚ್ಚಿ ನೋಡಿ. ಮನೆಗೆ ಹಿರಿಯರು ಬಂದಿದ್ದರೆ ಅವರಿಗೂ ಒಂದು ಕುರ್ಚಿ ಹಾಕಿ.